ಇಪ್ಪತ್ತು ವಾರಕ್ಕೆ ಮೀರದಂತೆ

ಬುರಂಗಾಲ್ ಶೈರ್ ಕೌನ್ಸಿಲಿನ ಸಂಬಳ ವಿಭಾಗವೆಂದರೆ
ನಾನು, ಒಂದು ಫ್ಯಾನು, ಕಾಲು ಮುರಿದ ಕಪಾಟು.
ಕಿಟಕಿಯಾಚೆ ಗೋಧಿಯ ಸೈಲೋ,
ಅದರ ನೆತ್ತಿಯಲ್ಲಿ ಬಿಳಿಗಿಳಿಗಳ ಜಗಳ.
ಆಸ್ಟ್ರೇಲಿಯಾದ ಈ ಒಣ ಊರಲ್ಲಿ ಹದಿನಾರು ವರ್ಷದಿಂದ
ಯಾರ ಜೇಬಿನಲ್ಲಿ ಎಷ್ಟೆಂದು ನನಗೆ ಗೊತ್ತು.
ಗೊತ್ತಿಲ್ಲದವಳಂತೆ ಬೇಕರಿಯಲ್ಲಿ ನಿಂತು
ಬಿಸಿಲಿನ ಮಾತಾಡುವುದೂ ಗೊತ್ತು.

ಜನರಲ್ ಮ್ಯಾನೇಜರ್ ಡೆಸ್ಮಂಡ್ ಟಲ್ಲಿ
ಬಂದದ್ದು ಒಂದು ಚಳಿಗಾಲ, ಹೋದದ್ದು ಮುಂದಿನದರಲ್ಲಿ.
ಏನು ಮಾಡಿದರೆಂದರೆ, ಲಾಂಛನ ಬದಲಾಯಿಸಿದರು:
ನದಿಯ ಗೆರೆ ಮೂರಿದ್ದದ್ದು ಎರಡಾಯಿತು.
ಕೌನ್ಸಿಲಿಗೂ ಅವರಿಗೂ ಹೊಂದಲಿಲ್ಲ.
ಒಪ್ಪಂದದ ಕಡೆಯ ಪುಟದಲ್ಲಿ ಇರುವೆಗಾಲಿನ ಅಕ್ಷರ,
ಅವಧಿಗೆ ಮೊದಲು ಕಳಿಸಿದರೆ ಎಪ್ಪತ್ತೆಂಟು ವಾರದ ಸಂಬಳ.
ಲೆಕ್ಕ ಹಾಕಿದ್ದು ನಾನೇ.
ಸೊನ್ನೆಗಳು ಮುಗಿಯುವಷ್ಟರಲ್ಲಿ ಚಹಾ ಆರಿತ್ತು.

ಊರು ಕುದಿಯಿತು.
ಈಜುಕೊಳಕ್ಕೆ ದುಡ್ಡಿಲ್ಲವೆಂದು ಬೀಗ ಬಿದ್ದ ವರ್ಷ ಅದು.
ಸಭೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿದ್ದರು.
ಕೌನ್ಸಿಲರ್ ನೊರೀನ್ ಪ್ಯಾಸ್ಕೋ ಎದ್ದು, ಕನ್ನಡಕ ಹಣೆಗೇರಿಸಿ
ಅಂದದ್ದು ಇಂಗ್ಲಿಷಿನಲ್ಲಿ. ನನ್ನೊಳಗೆ ಇಳಿದದ್ದು ಮಾತ್ರ ಹೀಗೆ:
ನಮ್ಮ ಉಪ್ಪು ತಿನ್ನದವನಿಗೆ
ನಮ್ಮದು ಎಂಥದಯ್ಯಾ ಋಣ?
ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮರ್ವ್ ಓಕ್ಸ್,
ಗ್ರೇಡರ್ ಓಡಿಸುವವನು. ಅಂಗೈ ಅವನದು ಹಲಗೆ.

ಕರಡು ಟೈಪು ಮಾಡಿದೆ.
ಮೊದಲು ಇದ್ದದ್ದು ‘ಹಿರಿಯ ಅಧಿಕಾರಿ’ ಎಂದು.
ವಕೀಲರು ಫೋನಿನಲ್ಲಿ ಕೆಮ್ಮಿದರು,
ತಾರತಮ್ಯ ಕಾಣಬಾರದು ನೋಡಿ, ಎಂದರು.
ಅಳಿಸಿ ‘ಯಾವುದೇ ನೌಕರ’ ಎಂದು ಬರೆದೆ.
ಯಾವುದೇ ನೌಕರನಿಗೆ, ಯಾವುದೇ ಕಾರಣಕ್ಕೆ,
ಇಪ್ಪತ್ತು ವಾರಕ್ಕೆ ಮೀರದಂತೆ.
ಎಷ್ಟು ನಯವಾಗಿತ್ತು ಆ ವಾಕ್ಯ!
ಆಗತಾನೆ ಕೆರೆದು ಸಮ ಮಾಡಿದ ಮಣ್ಣುರಸ್ತೆ,
ಒಂದು ಕಲ್ಲೂ ಕಾಲಿಗೆ ತಾಗದು.

ಮಾರ್ಚಿಯಲ್ಲಿ ಎಲ್ಲರಿಂದ ಹೊಸ ಒಪ್ಪಂದಕ್ಕೆ ಸಹಿ ಪಡೆದೆ.
ಮರ್ವ್ ಓದಲಿಲ್ಲ. ನನ್ನ ಪೆನ್ನನ್ನೇ ಇಸಿದುಕೊಂಡು,
‘ಟೈಪು ಮಾಡಿದ್ದು ನೀನೇ ಅಲ್ಲವಾ’ ಎಂದು
ಗೀಚಿ ಹೋದ.

ರಸ್ತೆಗಳನ್ನು ದೂರದ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟ ವಾರ
ಅವನ ಕಡತ ನನ್ನ ಮೇಜಿಗೆ ಬಂತು.
ಮೂವತ್ತೊಂದು ವರ್ಷ. ಹಳೆಯ ಲೆಕ್ಕದಲ್ಲಿ
ವರ್ಷಕ್ಕೆ ಮೂರು ವಾರ, ಒಟ್ಟು ತೊಂಬತ್ತಮೂರು.
ಕಂಪ್ಯೂಟರಿಗೆ ಅಷ್ಟನ್ನೂ ಕೊಟ್ಟೆ.
ಇಪ್ಪತ್ತಕ್ಕೆ ನಿಂತಿತು.
ಮತ್ತೆ ಕೊಟ್ಟೆ.
ಪರದೆಯ ಅಂಚಿನಲ್ಲಿ ಕೆಂಪಗೆ
ನನ್ನದೇ ವಾಕ್ಯ.

ಹಿಂದೊಂದು ನೆರೆಯ ರಾತ್ರಿ, ಆಸ್ಪತ್ರೆಯ ವ್ಯಾನಿಗೆ ದಾರಿ ಬಿಡಿಸಲು
ಬೆಳಗಿನ ತನಕ ಕೆಸರು ತಳ್ಳಿದವನು ಅವನು.
ಹಾಜರಿಯಲ್ಲಿ ಬರೆದುಕೊಂಡದ್ದು ಎಂಟೇ ಗಂಟೆ.
ಉಳಿದದ್ದು ಯಾಕೆ ಬಿಟ್ಟೆಯೋ ಎಂದಾಗ,
ವ್ಯಾನಿನಲ್ಲಿದ್ದವಳು ನನ್ನ ಟೀಚರು, ಎಂದಿದ್ದ.
ಯಾರು ಯಾರ ಉಪ್ಪು ತಿಂದದ್ದು,
ಯಾವ ಕಲಮಿನಲ್ಲಿ ಹುಡುಕಲಿ?
ನಿಯಮ ಬೇಡವಾಗಿತ್ತು ಎನ್ನಲಾರೆ. ಬೇಕಿತ್ತು.
ಬಲೆ ಹೆಣೆದದ್ದು ಸರಿಯೇ; ಮೀನು ಆಗಲೇ ಕಡಲು ಸೇರಿತ್ತು.

ಶುಕ್ರವಾರ ಬಂದ, ತೊಳೆದ ಅಂಗಿ ಹಾಕಿಕೊಂಡು.
ನಾನು ಬಾಯಿ ತೆರೆಯುವ ಮೊದಲೇ ಅವನೇ ಅಂದ:
‘ನಿಯಮ ಒಳ್ಳೆಯದೇ ಬಿಡು. ಟಲ್ಲಿಯಂಥವನು ಇನ್ನು ದೋಚಲಾರ.’
ಗ್ರೇಡರಿನ ಕೀಲಿ ಮೇಜಿನ ಮೇಲಿಟ್ಟು
ರಸೀದಿ ಕೇಳಿದ.
ಕೀಲಿಗೆ ರಸೀದಿ ನಮ್ಮಲ್ಲಿಲ್ಲ.
ಬಿಳಿ ಹಾಳೆ ತೆಗೆದು ಕೈಯಲ್ಲೇ ಬರೆದೆ:
‘ಕೀಲಿ ಒಂದು, ಸುಸ್ಥಿತಿಯಲ್ಲಿ ತಲುಪಿದೆ.’

ಸಹಿ ಹಾಕುವ ಮುನ್ನ ಅವನು
ಅದನ್ನು ಬೆಳಕಿಗೆ ಹಿಡಿದು,
ತುಟಿ ಅಲ್ಲಾಡಿಸುತ್ತ,
ಎರಡು ಸಲ ಓದಿದ.